ಜ್ಯೂರಿಕ್‌ನ ಎಂಟು ಕಪ್ ಕಾಫಿ

ಜ್ಯೂರಿಕ್ ವಿಮಾನ ನಿಲ್ದಾಣದಿಂದ ಹೊರಗೆ ಬರುತ್ತಿದ್ದಂತೆಯೇ ಎಂಟು ವರ್ಷದ ಮೊಮ್ಮಗಳು ನನಗೊಂದು ಷರತ್ತು ಹಾಕಿದಳು. "ಅಜ್ಜ, ಇಲ್ಲಿ ಇರುವಷ್ಟು ದಿನ ನೀನು ಯಾವುದನ್ನೂ ನೂರರಿಂದ ಗುಣಿಸಬಾರದು."

ಮಗ ಆ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದ. ಮೊಣಕಾಲು ಇನ್ನೂ ಮಾತು ಕೇಳುತ್ತಿರುವಾಗಲೇ ಹೋಗಿಬರೋಣ ಎಂದು ಕಳೆದ ವರ್ಷ ಜೂನ್ ತಿಂಗಳಲ್ಲಿ ನಾನು, ನನ್ನಾಕೆ ಹೊರಟೆವು. ಆಗ ಒಂದು ಸ್ವಿಸ್ ಫ್ರಾಂಕ್ ಎಂದರೆ ನಮ್ಮ ನೂರು ರೂಪಾಯಿ ಆಸುಪಾಸು ಇತ್ತು. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನೋಟು ಎಣಿಸಿದವನಿಗೆ ಗುಣಿಸಬೇಡ ಎಂದರೆ ಹೇಗೆ? ಒಂದು ಕಪ್ ಕಾಫಿಗೆ ಐದೂವರೆ ಫ್ರಾಂಕ್ ಎಂದಾಗ ಬಾಯಿ ಮುಚ್ಚಿಕೊಂಡೆ. ಮನಸ್ಸು ಮಾತ್ರ ಐನೂರೈವತ್ತು ಎಂದು ಹೇಳಿಯೇಬಿಟ್ಟಿತು. ನನ್ನಾಕೆಗೆ ಷರತ್ತು ಇರಲಿಲ್ಲ. "ಏನ್ರೀ, ಇಷ್ಟು ದುಡ್ಡಿಗೆ ಊರಲ್ಲಿ ಮುಕ್ಕಾಲು ಕೆಜಿ ಕಾಫಿಪುಡಿ ಬರ್ತಿತ್ತಲ್ಲ!" ಎಂದು ಗಟ್ಟಿಯಾಗಿಯೇ ಹೇಳಿದಳು. ಪುಣ್ಯಕ್ಕೆ ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.

ಕಪ್ಪೆಗಳ ಕಂದಕದ ಮೇಲೆ ಪೇಟೆ

ಸ್ವಿಟ್ಜರ್ಲೆಂಡಿನ ರಾಜಧಾನಿ ಬರ್ನ್. ಆದರೆ ದೊಡ್ಡ ಊರು ಜ್ಯೂರಿಕ್. ಬಾಗಿದ ಬಾಳೆಹಣ್ಣಿನಂತೆ ಸುಮಾರು ನಲವತ್ತು ಕಿಲೋಮೀಟರ್ ಉದ್ದ ಚಾಚಿಕೊಂಡಿರುವ ಸರೋವರದ ಒಂದು ತುದಿಯಲ್ಲಿ ಈ ನಗರವಿದೆ. ಸರೋವರದ ನೀರು ಲಿಮ್ಮಾಟ್ ಎಂಬ ನದಿಯಾಗಿ ಊರಿನ ನಟ್ಟನಡುವೆ ಹರಿದುಹೋಗುತ್ತದೆ. ಆಕಾಶ ತಿಳಿಯಾಗಿದ್ದ ದಿನ ನೀರಿನಾಚೆ ದೂರದಲ್ಲಿ ಆಲ್ಪ್ಸ್ ಪರ್ವತದ ಹಿಮ ಕಾಣುತ್ತದೆ. ಬೇಸಿಗೆಯಲ್ಲಿ ಕಚೇರಿಯ ಜನ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಒಂದು ಮುಳುಗು ಹಾಕಿ, ತಲೆ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಊರಿನ ತುಂಬ 1200ಕ್ಕೂ ಹೆಚ್ಚು ಕಾರಂಜಿಗಳಿವೆ. ಅವುಗಳ ನೀರನ್ನು ಹಾಗೆಯೇ ಬೊಗಸೆಯಲ್ಲಿ ಹಿಡಿದು ಕುಡಿಯಬಹುದು. ಇಷ್ಟು ದುಬಾರಿ ಊರಿನಲ್ಲಿ ಇದೊಂದು ಪುಕ್ಕಟೆ ಎಂದು ತಿಳಿದ ಮೇಲೆ ನಾನು ಒಂದು ಕಾರಂಜಿಯನ್ನೂ ಬಿಟ್ಟವನಲ್ಲ.

ರೈಲು ನಿಲ್ದಾಣದಿಂದ ಸರೋವರದವರೆಗೆ ಸುಮಾರು ಒಂದೂಕಾಲು, ಒಂದೂವರೆ ಕಿಲೋಮೀಟರ್ ಉದ್ದದ ಒಂದು ನೇರ ಬೀದಿಯಿದೆ. ಹೆಸರು ಬಾನ್‌ಹೋಫ್‌ಸ್ಟ್ರಾಸೆ, ಅಂದರೆ ನಿಲ್ದಾಣದ ಬೀದಿ. ಜಗತ್ತಿನ ದುಬಾರಿ ಪೇಟೆಬೀದಿಗಳಲ್ಲಿ ಇದೂ ಒಂದು. ಗಡಿಯಾರ, ವಜ್ರ, ರೇಷ್ಮೆ, ಚಾಕೊಲೇಟು ಎಲ್ಲವೂ ಗಾಜಿನ ಹಿಂದೆ ಹೊಳೆಯುತ್ತವೆ. ಒಂದು ಕೈಗಡಿಯಾರದ ಬೆಲೆ ನೋಡಿ ಗುಣಿಸಲು ಹೊರಟವನು ಅರ್ಧದಲ್ಲೇ ನಿಲ್ಲಿಸಿದೆ. ನಮ್ಮೂರಿನಲ್ಲಿ ಸೈಟು ಸಹಿತ ಮನೆ ಬರುವಷ್ಟು ಮೊತ್ತ ಅದು! ಆದರೆ ಈ ಬೀದಿಯ ಹಿನ್ನೆಲೆ ಕೇಳಿದರೆ ನಗು ಬರುತ್ತದೆ. 1864ರವರೆಗೆ ಇಲ್ಲಿದ್ದದ್ದು ಕೋಟೆಯ ಕಂದಕ. ಅದರ ಹೆಸರೇ 'ಕಪ್ಪೆಗಳ ಕಂದಕ'. ಅದನ್ನು ಮುಚ್ಚಿ ಬೀದಿ ಮಾಡಿದರು. ಬೀದಿಯ ನಡುವೆ ಸಿಗುವ ಪರಾಡೆಪ್ಲಾಟ್ಜ್ ಚೌಕದಲ್ಲಿ ದೇಶದ ಅತಿ ದೊಡ್ಡ ಬ್ಯಾಂಕುಗಳ ಕಟ್ಟಡಗಳು ನಿಂತಿವೆ. ಒಂದು ಕಾಲಕ್ಕೆ ಅಲ್ಲಿ ನಡೆಯುತ್ತಿದ್ದುದು ಹಂದಿಗಳ ಸಂತೆ. ಇದನ್ನು ಹೇಳಿದಾಗ ನನ್ನಾಕೆ, "ಅಂದ್ರೆ ವ್ಯಾಪಾರದ ಜಾಗ ಬದಲಾಗಿಲ್ಲ ಅನ್ನಿ" ಎಂದಳು.

ನಾವು ನಿಜವಾಗಿ ಸಾಮಾನು ಕೊಂಡದ್ದು ಮಿಗ್ರೋಸ್ ಎಂಬ ಅಂಗಡಿಯಲ್ಲಿ. 1925ರಲ್ಲಿ ಗಾಟ್‌ಲೀಬ್ ದುಟ್‌ವೈಲರ್ ಎಂಬಾತ ಇದೇ ಊರಿನಲ್ಲಿ ಐದು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬೀದಿ ಬೀದಿಯಲ್ಲಿ ಅಗ್ಗಕ್ಕೆ ಮಾರಲು ಶುರುಮಾಡಿದರು. ಇದ್ದದ್ದು ಆರೇ ಪದಾರ್ಥ: ಕಾಫಿ, ಅಕ್ಕಿ, ಸಕ್ಕರೆ, ಶ್ಯಾವಿಗೆಯಂಥ ಪಾಸ್ತಾ, ಕೊಬ್ಬರಿಯ ಕೊಬ್ಬು ಮತ್ತು ಸಾಬೂನು. ಅಂಗಡಿ ಬೆಳೆದ ಮೇಲೆ ಅದನ್ನು ಸಹಕಾರಿ ಸಂಸ್ಥೆ ಮಾಡಿ, ಗ್ರಾಹಕರನ್ನೇ ಸದಸ್ಯರನ್ನಾಗಿ ಮಾಡಿದರು. ಇಂದಿಗೂ ಅದು ಸಹಕಾರಿಯೇ. ಊರಿಗೆ ತಂದ ಚಾಕೊಲೇಟೆಲ್ಲ ಅಲ್ಲಿಯದು. ರುಚಿಗೆ ಯಾರೂ ದೂರು ಹೇಳಲಿಲ್ಲ.

ಗಡಿಯಾರ, ಗಾಜು, ಒಂದು ಹುಡುಗಿಯ ಚಿತ್ರ

ಹಳೆಯ ಊರಿನಲ್ಲಿ ನಡೆಯುವಾಗ ಎಲ್ಲಿಂದ ನೋಡಿದರೂ ಸೇಂಟ್ ಪೀಟರ್ ಚರ್ಚಿನ ಗಡಿಯಾರ ಕಾಣುತ್ತದೆ. ಅದರ ಮುಖದ ಅಡ್ಡಳತೆ 8.7 ಮೀಟರ್. ಯುರೋಪಿನ ಚರ್ಚ್ ಗಡಿಯಾರಗಳಲ್ಲಿ ಇದೇ ದೊಡ್ಡದು. "ಈ ಊರಲ್ಲಿ ತಡವಾಗಿ ಬಂದವರು ವಾಚ್ ಕೆಟ್ಟಿತ್ತು ಅಂತ ಹೇಳುವ ಹಾಗಿಲ್ಲ" ಎಂದ ಮಗ.

ಅಲ್ಲಿಂದ ಎರಡು ಹೆಜ್ಜೆಗೆ ಫ್ರಾವ್‌ಮ್ಯೂನ್‌ಸ್ಟರ್ ಚರ್ಚ್. ಲೂಯಿ ಎಂಬ ರಾಜ 853ರಲ್ಲಿ ತನ್ನ ಮಗಳಿಗಾಗಿ ಕಟ್ಟಿಸಿದ ಸಂನ್ಯಾಸಿನಿಯರ ಮಠ ಇದು. ಮುಂದೆ ಮಠದ ಹಿರಿಯ ಸಂನ್ಯಾಸಿನಿಗೆ ಸಂತೆ ನಡೆಸುವ, ಸುಂಕ ಎತ್ತುವ, ನಾಣ್ಯ ಹೊಡೆಸುವ ಅಧಿಕಾರವೂ ಬಂತು. ಹೆಂಗಸೊಬ್ಬಳು ಊರಿಗೆಲ್ಲ ನಾಣ್ಯ ಹೊಡೆಸುತ್ತಿದ್ದಳು ಎಂದು ಕೇಳಿ ಕೈಮುಗಿಯಬೇಕೆನಿಸಿತು. ಈಗ ಜನ ಬರುವುದು ಅಲ್ಲಿನ ಐದು ಎತ್ತರದ ಗಾಜಿನ ಕಿಟಕಿಗಳನ್ನು ನೋಡಲು. ಕೆಂಪು, ನೀಲಿ, ಹಸಿರು, ಹಳದಿ ಬಣ್ಣದ ಗಾಜಿನೊಳಗಿಂದ ಬೆಳಕು ಇಳಿಯುವಾಗ ಮಾತು ತಾನಾಗಿ ನಿಲ್ಲುತ್ತದೆ. ಇವು ಸಿದ್ಧವಾದದ್ದು 1970ರಲ್ಲಿ. ರಚಿಸಿದ ಮಾರ್ಕ್ ಶಗಾಲ್ ಅವರಿಗೆ ಆಗ 83 ವರ್ಷ. ಎಪ್ಪತ್ತನಾಲ್ಕಕ್ಕೇ 'ನನ್ನ ಕಾಲ ಮುಗಿಯಿತು' ಎನ್ನುವ ನನ್ನಂಥವರು ನೋಡಲೇಬೇಕಾದ ಜಾಗ! ಯಹೂದಿಯಾಗಿದ್ದ ಶಗಾಲ್ 1941ರಲ್ಲಿ ಹಿಟ್ಲರನ ಕೈಗೆ ಸಿಗದೆ ಫ್ರಾನ್ಸಿನಿಂದ ಅಮೆರಿಕಕ್ಕೆ ಪಾರಾದವರು.

ಮರುದಿನ ಕುನ್ಸ್ಟ್‌ಹೌಸ್ ಎಂಬ ದೊಡ್ಡ ಕಲಾ ಸಂಗ್ರಹಾಲಯಕ್ಕೆ ಹೋದೆವು. ನನಗೆ ಚಿತ್ರಕಲೆ ಅಷ್ಟಕ್ಕಷ್ಟೇ. ಮೊಮ್ಮಗಳು ಒಂದು ಚಿತ್ರದ ಮುಂದೆ ನಿಂತುಬಿಟ್ಟಳು. ಬೆನ್ನ ಮೇಲೆ ಹರಡಿದ ಹೊಂಬಣ್ಣದ ಕೂದಲು, ನೀಲಿ ರಿಬ್ಬನ್ ಕಟ್ಟಿಕೊಂಡು ಮಡಿಲಲ್ಲಿ ಕೈಯಿಟ್ಟು ಕುಳಿತ ಹುಡುಗಿ. "ಇವಳಿಗೆ ಎಷ್ಟು ವರ್ಷ?" ಎಂದು ಕೇಳಿದಳು. 1880ರಲ್ಲಿ ರೆನ್ವಾ ಬರೆದ ಚಿತ್ರ. ಹುಡುಗಿಯ ಹೆಸರು ಐರೀನ್. ಪ್ಯಾರಿಸ್ಸಿನ ಯಹೂದಿ ಬ್ಯಾಂಕರ್ ಒಬ್ಬರ ಮಗಳು. ಆಗ ಅವಳಿಗೂ ಎಂಟೇ ವರ್ಷ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಈ ಚಿತ್ರವನ್ನು ಕದ್ದರು. ಐರೀನ್ ಹೇಗೋ ಉಳಿದರು. ಅವರ ಮಗಳು ಮತ್ತು ಇಬ್ಬರು ಮೊಮ್ಮಕ್ಕಳು ಆಶ್‌ವಿಟ್ಜ್ ಶಿಬಿರದಿಂದ ಮರಳಲಿಲ್ಲ. 1946ರಲ್ಲಿ ಚಿತ್ರ ಅವರ ಕೈಸೇರಿತು. ಕೆಲವೇ ವರ್ಷಗಳಲ್ಲಿ ಅವರು ಅದನ್ನು ಮಾರಿದರು. ಕೊಂಡವರು ಎಮಿಲ್ ಬ್ಯೂರ್ಲೆ, ಯುದ್ಧಕಾಲದಲ್ಲಿ ಜರ್ಮನಿಗೂ ಫಿರಂಗಿ ಮಾರಿ ಶ್ರೀಮಂತರಾದ ಇಲ್ಲಿನ ಕಾರ್ಖಾನೆಯ ಮಾಲೀಕ. ಅವರ ಸಂಗ್ರಹ 2021ರಿಂದ ಈ ಕಟ್ಟಡದಲ್ಲಿದೆ. ಅದರಲ್ಲಿನ ಚಿತ್ರಗಳು ಮೊದಲು ಯಾರ ಮನೆಯಲ್ಲಿದ್ದವು, ಹೇಗೆ ಕೈ ಬದಲಾದವು ಎಂಬ ಪ್ರಶ್ನೆಯನ್ನು ಊರಿನವರೇ ಎತ್ತಿ ದೊಡ್ಡ ಚರ್ಚೆ ನಡೆಸಿದ್ದಾರೆ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಮಗ ಇನ್ನೊಂದು ಸಂಗತಿ ಹೇಳಿದ. ಯುದ್ಧಕ್ಕೆ ಮುಂಚೆ ಯುರೋಪಿನ ಅನೇಕ ಯಹೂದಿಗಳು ಭದ್ರವಾಗಿರಲೆಂದು ಸ್ವಿಸ್ ಬ್ಯಾಂಕುಗಳಲ್ಲಿ ಹಣ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವರ ಮಕ್ಕಳು ಕೇಳಲು ಬಂದಾಗ, ಮರಣ ಪ್ರಮಾಣಪತ್ರ ತನ್ನಿ ಎಂಬ ಉತ್ತರ ಸಿಕ್ಕಿದ್ದುಂಟು. ಆಶ್‌ವಿಟ್ಜ್‌ನಲ್ಲಿ ಸತ್ತವರಿಗೆ ಪ್ರಮಾಣಪತ್ರ ಕೊಡುವವರು ಯಾರು? ಖಾತೆಗಳು ಹಾಗೆಯೇ ಮಲಗಿದವು. ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1998ರಲ್ಲಿ, ಎರಡು ದೊಡ್ಡ ಬ್ಯಾಂಕುಗಳು 125 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು.

ಬರಿಗಾಲಿನ ರಾತ್ರಿ

ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಒಂಬತ್ತೂಕಾಲು ದಾಟಿರುತ್ತದೆ. ಊಟ ಮುಗಿದ ಮೇಲೂ ಹಗಲು! ಆ ಸಂಜೆ ಹಿಲ್ಟ್ಲ್ ಎಂಬ ಸಸ್ಯಾಹಾರಿ ಹೋಟೆಲಿಗೆ ಹೋದೆವು. 1898ರಲ್ಲಿ ಶುರುವಾದ ಇದು ಜಗತ್ತಿನ ಅತಿ ಹಳೆಯ ಸಸ್ಯಾಹಾರಿ ಹೋಟೆಲೆಂದು ಗಿನ್ನೆಸ್ ದಾಖಲೆಯಲ್ಲಿದೆ. ಬೇಕಾದ್ದನ್ನು ಬಡಿಸಿಕೊಂಡು ತಟ್ಟೆಯನ್ನು ತಕ್ಕಡಿಯ ಮೇಲಿಟ್ಟರೆ ತೂಕದ ಪ್ರಕಾರ ಬಿಲ್ಲು. ನನ್ನಾಕೆ ಹಗುರವಾದ ಸೊಪ್ಪನ್ನೇ ಆರಿಸಿಕೊಂಡಳು! ವಾರದ ಕೊನೆಯಲ್ಲಿ ರಾತ್ರಿಯಾದರೆ ಅದೇ ಹೋಟೆಲು ಕುಣಿತದ ಕ್ಲಬ್ ಆಗುತ್ತದಂತೆ.

ನಂತರ ನೀಡರ್‌ಡಾರ್ಫ್ ಎಂಬ ಹಳೆಯ ಓಣಿಗಳಲ್ಲಿ ಸುತ್ತಿದೆವು. ಕಲ್ಲುಹಾಸಿನ ಮೇಲೆ ಮೇಜು ಕುರ್ಚಿ, ಸಂಗೀತ, ಹತ್ತು ಭಾಷೆಯ ಹರಟೆ. ಅಲ್ಲೊಂದು ಪುಟ್ಟ ಓಣಿ, ಸ್ಪೀಗೆಲ್‌ಗಾಸೆ. ಒಂದನೇ ನಂಬರಿನ ಮನೆಯಲ್ಲಿ 1916ರಲ್ಲಿ ಕ್ಯಾಬರೇ ವೋಲ್ಟೇರ್ ಎಂಬ ರಾತ್ರಿಕೂಟ ತೆರೆಯಿತು. ಯುದ್ಧದಿಂದ ಬೇಸತ್ತ ಕಲಾವಿದರು ಅರ್ಥವಿಲ್ಲದ ಶಬ್ದಗಳನ್ನೇ ಕವಿತೆಯೆಂದು ಕೂಗಿ 'ದಾದಾ' ಎಂಬ ಪಂಥ ಹುಟ್ಟುಹಾಕಿದ್ದು ಇಲ್ಲೇ. ಅದೇ ವರ್ಷ ಅದೇ ಓಣಿಯ ಹದಿನಾಲ್ಕನೇ ನಂಬರಿನಲ್ಲಿ ಬಾಡಿಗೆಗಿದ್ದವರು ಲೆನಿನ್! ಮುಂದಿನ ವರ್ಷ ಇಲ್ಲಿಂದಲೇ ರೈಲು ಹತ್ತಿ ರಷ್ಯಕ್ಕೆ ಹೋದರು.

ಕೊನೆಗೆ ಹೋದದ್ದು ನದಿಯ ಮೇಲೆ. ಲಿಮ್ಮಾಟ್ ನದಿಯಲ್ಲಿ 1888ರಲ್ಲಿ ಕಟ್ಟಿದ ಮರದ ಸ್ನಾನಗೃಹವೊಂದಿದೆ. ಹಗಲಿನಲ್ಲಿ ಹೆಂಗಸರಿಗೆ ಮಾತ್ರ. ಬೇಸಿಗೆಯ ಸಂಜೆಗಳಲ್ಲಿ ಎಲ್ಲರಿಗೂ ತೆರೆದು 'ಬರಿಗಾಲಿನ ಬಾರ್' ಆಗುತ್ತದೆ. ಬಾಗಿಲಲ್ಲೇ ಚಪ್ಪಲಿ ಕಳಚಬೇಕು. ಬಾರ್ ಎಂದೊಡನೆ ಮುಖ ಗಂಟಿಕ್ಕಿದ್ದ ನನ್ನಾಕೆ, "ದೇವಸ್ಥಾನದ ಹಾಗೇ ಇದೆಯಲ್ಲ" ಎಂದು ಸಮಾಧಾನಗೊಂಡಳು. ನಾವಿಬ್ಬರೂ ಹಣ್ಣಿನ ರಸ ಹಿಡಿದು ಹಲಗೆಯ ಅಂಚಿನಲ್ಲಿ ಕುಳಿತೆವು. ಎದುರಿಗೆ ದೀಪ ಹತ್ತಿದ ಚರ್ಚಿನ ಗೋಪುರಗಳು. ಅಷ್ಟು ಚಂದದ ರಾತ್ರಿಯಲ್ಲಿ ನನಗೆ ಮಾತೇ ಹೊರಡಲಿಲ್ಲ. "ಏನಾಯ್ತು?" ಎಂದಳು. ಮೂವತ್ತೇಳು ವರ್ಷ ಹೇಳದ್ದನ್ನು ಆಗ ಹೇಳಿದೆ.

1987ರ ಮಳೆಗಾಲ. ನಾನಾಗ ಮಲೆನಾಡಿನ ಒಂದು ಶಾಖೆಯಲ್ಲಿದ್ದೆ. ಹಳ್ಳಿಯ ಹೆಂಗಸೊಬ್ಬಳು ಪ್ಲಾಸ್ಟಿಕ್ ಕವರಿನಿಂದ ಗಂಡನ ಪಾಸ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟಳು. ಅದರಲ್ಲಿ 4,312 ರೂಪಾಯಿ ಇತ್ತು. ಅಂದಿಗೆ ಅದು ನನ್ನ ಎರಡು ತಿಂಗಳ ಸಂಬಳ. ಗಂಡ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವನು ಎಂಟು ವರ್ಷದಿಂದ ಸುದ್ದಿಯಿಲ್ಲ ಎಂದಳು. "ಮರಣ ಪ್ರಮಾಣಪತ್ರ ತನ್ನಿ" ಎಂದೆ. "ಸತ್ತಿದಾರೋ ಇಲ್ಲವೋ ನನಗೇ ಗೊತ್ತಿಲ್ಲ ಸ್ವಾಮಿ" ಎಂದಳು. ಏಳು ವರ್ಷ ಸುದ್ದಿಯಿಲ್ಲದವರ ಬಗ್ಗೆ ಕೋರ್ಟಿನಿಂದ ಆದೇಶ ತರಬಹುದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹಿಂದೆ ಉದ್ದದ ಸಾಲಿತ್ತು, ಊಟದ ಹೊತ್ತಾಗಿತ್ತು. "ಕಾಗದ ಇಲ್ಲದೆ ಆಗೋದಿಲ್ಲ, ಮುಂದಿನವರು ಬನ್ನಿ" ಎಂದೆ. ಆಕೆ ಪಾಸ್‌ಬುಕ್ಕನ್ನು ಮತ್ತೆ ಅದೇ ಕವರಿಗೆ ಸುತ್ತಿಕೊಂಡು ಮಳೆಯಲ್ಲಿ ಇಳಿದು ಹೋದಳು. ಮತ್ತೆ ಬರಲಿಲ್ಲ. ನಾನು ನಿಯಮ ತಪ್ಪಿರಲಿಲ್ಲ. ಆ ದಿನದ ಲೆಕ್ಕವೂ ಪೈಸೆಗೆ ಪೈಸೆ ಸರಿಹೊಂದಿತ್ತು.

ನನ್ನಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ಆ ಊರಿಗೆ ಈಗ ಬಸ್ ಇದೆಯಾ?"

ಊರಿಗೆ ಬಂದ ಮೇಲೆ

ಬಸ್ ಇತ್ತು. ಆಕೆ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹುಡುಕಿಕೊಂಡು ಹೋಗಿ ನಾನು ಯಾರೆಂದು ಹೇಳಿದೆ, ಏನು ಮಾಡಿದೆನೆಂದೂ ಹೇಳಿದೆ. ಆಕೆ ಬೈಯಲಿಲ್ಲ. ಟ್ರಂಕಿನಿಂದ ಪಾಸ್‌ಬುಕ್ ತಂದಳು. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ಈಗ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. 2023ರಲ್ಲಿ ರಿಸರ್ವ್ ಬ್ಯಾಂಕ್ ತೆರೆದ 'ಉದ್ಗಮ್' ಎಂಬ ಜಾಲತಾಣದಲ್ಲಿ ಹುಡುಕಿದೆವು. ಹೆಸರು ಸಿಕ್ಕಿತು. ವಕೀಲರೊಬ್ಬರು ಕೋರ್ಟಿನ ಕಾಗದ ಸಿದ್ಧಪಡಿಸುತ್ತಿದ್ದಾರೆ. ಹಣ ಬರಲು ಇನ್ನೂ ಸಮಯವಿದೆ. ತಿಂಗಳಿಗೊಮ್ಮೆ ಹೋಗಿ ವಿಚಾರಿಸಿ ಬರುತ್ತೇನೆ.

ಮೊನ್ನೆ ಫೋನಿನಲ್ಲಿ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ, ಒಂದು ಸಲ ಗುಣಿಸಲು ಅನುಮತಿ ಕೇಳಿದೆ. ಪಾಸ್‌ಬುಕ್ಕಿನ 4,312 ರೂಪಾಯಿ ಎಂದರೆ ಜ್ಯೂರಿಕ್‌ನ ಎಂಟು ಕಪ್ ಕಾಫಿ. ಅದಕ್ಕೂ ಎಂಬತ್ತೆಂಟು ರೂಪಾಯಿ ಕಡಿಮೆ.

"ಅಷ್ಟೇನಾ ಅಜ್ಜ?" ಎಂದಳು.

"ಈಗ ಅಷ್ಟೇ ಪುಟ್ಟಿ. ಆಗ ಬಹಳ ಇತ್ತು" ಎಂದೆ.

ಜ್ಯೂರಿಕ್‌ಗೆ ಹೋಗುವವರಿಗೆ ಒಂದೆರಡು ಮಾತು: ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಷೆಂಗೆನ್ ವೀಸಾ ಬೇಕು. ಅಲ್ಲಿನ ಹಣ ಯೂರೋ ಅಲ್ಲ, ಫ್ರಾಂಕ್. ಭಾನುವಾರ ರೈಲು ನಿಲ್ದಾಣದ ಮಳಿಗೆಗಳನ್ನು ಬಿಟ್ಟರೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಕುನ್ಸ್ಟ್‌ಹೌಸ್‌ಗೆ ಸೋಮವಾರ ರಜೆ. ಟ್ರಾಮಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಹತ್ತುವ ಮೊದಲೇ ಟಿಕೆಟ್ ಕೊಳ್ಳಿ. ಖಾಲಿ ಬಾಟಲಿ ಒಯ್ಯಿರಿ, ಕಾರಂಜಿಗಳಿವೆ. ಹೊರಡುವ ಮುನ್ನ ಮನೆಯ ಹಿರಿಯರ ಹಳೆಯ ಪಾಸ್‌ಬುಕ್ಕುಗಳನ್ನು ಒಮ್ಮೆ ತೆರೆದು, ನಾಮಿನಿಯ ಹೆಸರು ಬರೆಸಿದೆಯೇ ನೋಡಿ.