ದೋಣಿಗೆ ಕಂಬ ನಿಲ್ಲಿಸಿದ ವೃತ್ತಾಂತ

ಕೋಲಾರ ಸೀಮೆಯಲ್ಲಿ ಹುಟ್ಟಿದವಳಿಗೂ ದೋಣಿಗೂ ಏನು ಸಂಬಂಧವೆಂದು ಈ ಶಿರೋನಾಮೆಯನ್ನು ಕಂಡು ಹಳೆಯ ವಿದ್ಯಾರ್ಥಿನಿಯರಾದ ನನ್ನ ಸೋದರಿಯರು ನಗಬಹುದು. ನಗುವುದು ನ್ಯಾಯವೇ. ನನ್ನ ಹುಟ್ಟೂರು ಕ್ಯಾಲನೂರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಆ ನಾಡಿನಲ್ಲಿ ಕೆರೆ ಕೋಡಿಬಿದ್ದ ವರ್ಷವನ್ನು ಜನರು ಮಕ್ಕಳು ಹುಟ್ಟಿದ ವರ್ಷದಂತೆ ನೆನಪಿನಲ್ಲಿಟ್ಟುಕೊಳ್ಳುವರು. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವರಾದರೂ, ನನ್ನ ಬಾಲ್ಯದಲ್ಲಿ ಅದು ಯಾರ ಕನಸಿನಲ್ಲಿಯೂ ಇರಲಿಲ್ಲ. ದೋಣಿಯೆಂಬುದನ್ನು ನಾನು ಮೊದಲು ಕಂಡದ್ದು ಪಾಠಪುಸ್ತಕದ ಚಿತ್ರದಲ್ಲಿ.

ಅಂತಹ ನಾನು 2019ರ ಬೇಸಗೆಯಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ದೋಣಿಗೆ ಲೋಹದ ಗೋಪುರವನ್ನು ಜೋಡಿಸುವ ಕೆಲಸದಲ್ಲಿ ಪಾಲುಗೊಳ್ಳಬೇಕಾಯಿತು. ಆ ಊರಿನ ಸಮೀಪದಲ್ಲಿ ಕೊಲೊರಾಡೊ ಎಂಬ ನದಿಗೆ ಕಟ್ಟಿದ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟೆಯಿಂದುಂಟಾದ ಲೇಕ್ ಟ್ರಾವಿಸ್ ಎಂಬ ಜಲಾಶಯವಿದೆ. ಕಟ್ಟೆಯ ಕೆಲಸವು 1937ರಲ್ಲಿ ತೊಡಗಿ 1942ರಲ್ಲಿ ಮುಗಿಯಿತು. ಹೆಸರಿಗೆ ಸರೋವರವಾದರೂ ಅದರ ಸ್ವಭಾವ ನಮ್ಮ ಕೆರೆಗಳದೇ; ಮಳೆ ಬಂದರೆ ತುಂಬುವುದು, ಬಾರದಿದ್ದರೆ ಬರಿದಾಗುವುದು. ನಾನು ಹೋಗುವ ಹಿಂದಿನ ವರ್ಷ ಅಲ್ಲಿ ದೊಡ್ಡ ಪ್ರವಾಹ ಬಂದು ನೀರು ಸಮೃದ್ಧವಾಗಿತ್ತು. ಅಳಿಯಂದಿರು ಯಾರೋ ಬಳಸಿ ಬಿಟ್ಟ ಫೈಬರ್‌ಗ್ಲಾಸ್ ದೋಣಿಯೊಂದನ್ನು ಕೊಂಡು ತಂದಿದ್ದರು. ಹದಿನಾಲ್ಕು ವರ್ಷದ ಮೊಮ್ಮಗಳಿಗೆ ವೇಕ್‌ಬೋರ್ಡ್ ಆಟದ ಹುಚ್ಚು.

ಆ ಆಟವನ್ನು ಅರಿಯದವರಿಗಾಗಿ ಎರಡು ಮಾತು. 1922ರಲ್ಲಿ ಮಿನೆಸೋಟದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿನೆಂಟು ವರ್ಷದ ಹುಡುಗನು ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರಿದನು. ಅದರ ಸಂತತಿಯೇ ಈ ಆಟ. ಇಲ್ಲಿ ಹಲಗೆ ಒಂದೇ. ಆಡುವವರು ಪಕ್ಕಕ್ಕೆ ತಿರುಗಿ ನಿಂತು, ದೋಣಿ ಎಬ್ಬಿಸಿದ ಅಲೆಯನ್ನೇರಿ ಮೇಲಕ್ಕೆ ಹಾರುವರು. ಹಗ್ಗವನ್ನು ದೋಣಿಯ ಹಿಂಬದಿಯ ಕೆಳಗಿನ ಬಳೆಗೆ ಕಟ್ಟಿದರೆ, ಹಾರಿದವರನ್ನು ಅದು ಕೆಳಕ್ಕೆಳೆಯುತ್ತದೆ. ಎತ್ತರದಿಂದ ಎಳೆದರೆ ಹಾರಾಟಕ್ಕೆ ಅನುಕೂಲ. ಆದಕಾರಣ ದೋಣಿಯ ಎರಡು ಅಂಚುಗಳ ಮೇಲೆ ಕಾಲೂರಿ, ಕಮಾನಿನಂತೆ ಬಾಗಿ ನಿಲ್ಲುವ ಅಲ್ಯುಮಿನಿಯಂ ಕೊಳವೆಗಳ ಗೋಪುರವು 1990ರ ದಶಕದಲ್ಲಿ ರೂಢಿಗೆ ಬಂದಿತು.

ಅಳಿಯಂದಿರು ಗೋಪುರವನ್ನು ತರಿಸಿ, ರಂಧ್ರ ಕೊರೆಯುವ ಯಂತ್ರವನ್ನು ಕೈಯಲ್ಲಿ ಹಿಡಿದು ನಿಂತಾಗ, ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ ಬೋಧಿಸಿದ ನನ್ನ ಬಾಯಿ ಸುಮ್ಮನಿರಲಿಲ್ಲ. "ಈ ಕಾಲುಗಳು ಯಾವುದರ ಮೇಲೆ ನಿಲ್ಲುತ್ತವೆ?" ಎಂದು ಕೇಳಿದೆನು.

ನನ್ನ ಮನಸ್ಸಿನಲ್ಲಿದ್ದುದು ನಮ್ಮ ಹೊಲದ ಕಪಿಲೆ. ಬಾವಿಯ ದಡದಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ಗಾಲಿ, ಗಾಲಿಯ ಮೇಲೆ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆಲ್ಲ ತೊಗಲಿನ ಚೀಲ ಮೇಲೇರುತ್ತಿತ್ತು. ಆ ಕಂಬಗಳು ಅಲುಗಾಡದಂತೆ ನನ್ನ ತಂದೆಯವರು ಬುಡಕ್ಕೆ ಕಲ್ಲು ಕೂರಿಸಿ ಗಟ್ಟಿಸುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೆನು. ಎಳೆತವು ಕಂಬದ ತುದಿಯಲ್ಲಾದರೂ ಅದರ ಫಲವನ್ನು ಅನುಭವಿಸುವುದು ಬುಡ. ದೋಣಿಯ ವಿಷಯದಲ್ಲಿಯೂ ಲೆಕ್ಕ ಅದೇ. ಹಗ್ಗ ಕಟ್ಟುವ ಸ್ಥಳವು ಅಂಚಿನಿಂದ 5 ಅಡಿ ಎತ್ತರದಲ್ಲಿದ್ದು, ಗೋಪುರದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಎರಡೂವರೆ ಅಡಿ ಅಂತರವಿದ್ದರೆ, ಹಗ್ಗವು 200 ಪೌಂಡು ಬಲದಿಂದ ಹಿಂದಕ್ಕೆ ಜಗ್ಗಿದಾಗ ಹಿಂಗಾಲುಗಳೆರಡೂ ಸೇರಿ 400 ಪೌಂಡು ಬಲದಿಂದ ದೋಣಿಯನ್ನು ಕೆಳಕ್ಕೊತ್ತುವುವು. ಮುಂಗಾಲುಗಳೆರಡೂ ಅಷ್ಟೇ ಬಲದಿಂದ ಮೇಲಕ್ಕೆ ಕಿತ್ತುಬರಲು ನೋಡುವುವು. ಗೋಪುರ ಕಿತ್ತುಬಂದರೆ ಅದು ಬೀಳುವುದು ದೋಣಿಯಲ್ಲಿ ಕುಳಿತವರ ಮೇಲೆ.

ಕಪಿಲೆಯ ಬುಡದಲ್ಲಿ ಭೂಮಿಯಿತ್ತು. ಈ ದೋಣಿಯ ಅಂಚೋ, ಗಾಜಿನ ನೂಲನ್ನು ರಾಳದಲ್ಲಿ ನೆನೆಸಿ ಪದರಪದರವಾಗಿ ಅಚ್ಚಿನಲ್ಲಿ ಕೂರಿಸಿದ ಒಂದು ಚಿಪ್ಪು. ಅದು ಬಾಗುವುದಕ್ಕೆ ಗಟ್ಟಿ. ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಸೀಳುವುದು. ಆದ್ದರಿಂದ ಬೋಲ್ಟು ಚಿಪ್ಪನ್ನು ದಾಟಿ ಕೆಳಗೆ ಬಂದಲ್ಲಿ ಅಗಲವಾದ ಲೋಹದ ಹಲಗೆಯನ್ನಿಟ್ಟು, ಭಾರವನ್ನು ಹರಡಬೇಕು. ಸಣ್ಣ ಬಿಲ್ಲೆಗಳು ಸಾಲವು.

ತೊಡಕು ಬಂದದ್ದು ಇಲ್ಲಿಯೇ. ಮೆತ್ತೆಗಳನ್ನೂ ಒಳಗಿನ ಫಲಕಗಳನ್ನೂ ಬಿಚ್ಚಿದಾಗ ಮೂರು ಕಾಲುಗಳ ಕೆಳಗೆ ಕೈ ತೂರಿತು. ಬಲಗಡೆಯ ಮುಂಗಾಲಿನ ಕೆಳಗಡೆ ಮಾತ್ರ ಮುಚ್ಚಿದ ಗೂಡು. "ಅತ್ತೆಯವರೇ, ಮೂರು ಕಡೆ ಭದ್ರವಾಗಿದ್ದರೆ ನಾಲ್ಕನೆಯದಕ್ಕೆ ಮೇಲಿನಿಂದಲೇ ತಿರುಪು ಹಾಕಿದರೆ ಸಾಲದೇ? ಒಳಗಿನ ಗೋಡೆಯನ್ನು ಕತ್ತರಿಸಿದರೆ ದೋಣಿಯ ಬೆಲೆಯೇ ಹೋಗುತ್ತದೆ" ಎಂದು ಅಳಿಯಂದಿರು ವಿನಯದಿಂದಲೇ ಹೇಳಿದರು. ಅವರ ಸಂಕಟವು ನನಗೆ ತಿಳಿಯದ್ದಲ್ಲ; ಆ ದೋಣಿಗೆ ಅವರ ಎರಡು ವರ್ಷದ ಉಳಿತಾಯ ಸಂದಿತ್ತು. ನನ್ನ ಮಗಳು ಗಂಡನ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿ ಒಳಕ್ಕೆ ಹೋದಳು. ಅಳಿಯನ ಮನೆಯಲ್ಲಿ ಅತ್ತೆಯು ಎಷ್ಟು ಮಾತನಾಡಬೇಕೆಂಬುದನ್ನು ನನ್ನ ವಾಚಕಿಯರು ಬಲ್ಲರು. ಆದರೂ ಹೇಳಿದೆನು: "ಕಿತ್ತುಬರುವುದು ಮುಂಗಾಲೇ. ಆ ಒಂದು ಕಾಲಿಗೆ ಹಲಗೆಯಿಲ್ಲದೆ ಹಗ್ಗ ಕಟ್ಟುವುದಾದರೆ ನನ್ನ ಮೊಮ್ಮಗಳು ಅದನ್ನು ಹಿಡಿಯುವುದು ಬೇಡ."

ಅವರು ಆ ರಾತ್ರಿ ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಅಂಗಡಿಯಿಂದ, ಗೂಡಿಗೆ ದಾರಿ ಮಾಡಲು ತಿರುಗಿಸಿ ತೆಗೆಯುವ ದುಂಡನೆಯ ಮುಚ್ಚಳವೊಂದನ್ನು ತಂದಿಟ್ಟರು.

ಮುಂದಿನ ಕೆಲಸ ಎರಡು ದಿನ ಹಿಡಿಯಿತು. ಮೂತಿಯ ನಡುಬಿಂದುವಿನಿಂದ ಎರಡು ಕಡೆಯ ಕಾಲುಗಳಿಗೂ ನೂಲು ಹಿಡಿದು, ಅಳತೆ ಸಮವಾಗುವತನಕ ಗೋಪುರವನ್ನು ಸರಿಸಿದೆವು. ಜೆಲ್‌ಕೋಟ್ ಎಂಬ ಹೊಳಪಿನ ಲೇಪವು ಸಿಡಿಯದಂತೆ ಗುರುತಿನ ಮೇಲೆ ಕಾಗದದ ಪಟ್ಟಿಯನ್ನು ಅಂಟಿಸಿ, ಮೊದಲು ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಿ ಲೇಪವನ್ನು ಸವೆಸಿ, ಆಮೇಲೆ ಮುಮ್ಮುಖವಾಗಿ ಕೊರೆಯಬೇಕು. ಇದನ್ನು ಮಾಡಿದವಳು ಮೊಮ್ಮಗಳು. ಅವಳ ಕೈ ನಡುಗಲಿಲ್ಲ. ರಂಧ್ರದಿಂದ ಬಂದ ಪುಡಿಯಲ್ಲಿ ಮರದ ಹೊಟ್ಟೂ ಕಂಡಿತು. ಎರಡು ಪದರಗಳ ನಡುವೆ ಮರವನ್ನಿಟ್ಟು ದೋಣಿ ಕಟ್ಟುವುದುಂಟು. ಆ ಮರಕ್ಕೆ ನೀರು ತಗುಲಿದರೆ, ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ಚಂದವಾಗಿದ್ದೇ ಒಳಗೆ ಕೊಳೆಯುವುದು. ಆದ್ದರಿಂದ ರಂಧ್ರಗಳನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟಿನಿಂದ ತುಂಬಿ, ಅದು ಗಟ್ಟಿಯಾದ ಬಳಿಕ ಅದರ ನಡುವೆ ಪುನಃ ಕೊರೆದೆವು. ಹೀಗೆ ಬೋಲ್ಟಿಗೂ ಮರಕ್ಕೂ ಸೋಂಕೇ ಇಲ್ಲದಂತಾಯಿತು.

ತುಕ್ಕು ಹಿಡಿಯದ ಉಕ್ಕಿನ ಬೋಲ್ಟು ಅಲ್ಯುಮಿನಿಯಂ ಕಾಲನ್ನು ನೀರಿನ ಸಾಕ್ಷಿಯಲ್ಲಿ ಮುಟ್ಟಿದರೆ, ಸಣ್ಣದೊಂದು ವಿದ್ಯುತ್ಕೋಶವುಂಟಾಗಿ ಅಲ್ಯುಮಿನಿಯಂ ಸವೆಯುವುದು. ಇದನ್ನು ತಡೆಯುವ ಲೇಪವೊಂದನ್ನು ಹಚ್ಚಿದೆವು. ನೀರು ತಡೆಯುವ ಅಂಟನ್ನು ಬುಡಕ್ಕೆ ಬಳಿದು, ನಾಲ್ಕು ಕಾಲಿನ ಬೋಲ್ಟುಗಳೂ ಕೂತ ಮೇಲೆ, ಮೇಲೆ ಬೋಲ್ಟನ್ನು ಅಲುಗದಂತೆ ಹಿಡಿದು ಕೆಳಗೆ ನಟ್ಟನ್ನು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಅಂಟಿನ ಮುದ್ರೆ ಹರಿಯುವುದು. ಗೂಡಿನೊಳಕ್ಕೆ ಕೈ ತೂರಿ ಆ ನಾಲ್ಕನೆಯ ಹಲಗೆಯನ್ನು ಕೂರಿಸಿದವರು ಅಳಿಯಂದಿರು. ಮೊಳಕೈ ತರಚಿಹೋಗಿತ್ತು, ಅವರು ಅದನ್ನು ಯಾರಿಗೂ ತೋರಿಸಲಿಲ್ಲ.

ನೀರಿಗಿಳಿದ ದಿನ ನನಗೂ ಒಂದು ಉದ್ಯೋಗ ದೊರೆಯಿತು. ಹಗ್ಗ ಹಿಡಿದವರ ಮೇಲೆ ಕಣ್ಣಿಡಲು ಹದಿಮೂರು ವರ್ಷಕ್ಕೆ ಕಡಮೆಯಿಲ್ಲದವರೊಬ್ಬರು ದೋಣಿಯಲ್ಲಿರಬೇಕು, ಇಲ್ಲವೇ ಹಿಂದು ಕಾಣುವ ಕನ್ನಡಿಯಿರಬೇಕೆಂಬುದು ಆ ಸಂಸ್ಥಾನದ ಕಾನೂನು. ನನ್ನ ವಯಸ್ಸಿನ ಬಗ್ಗೆ ಯಾರೂ ಆಕ್ಷೇಪಿಸಲಿಲ್ಲ! ಮೂರು ಸಲ ಬಿದ್ದು, ನಾಲ್ಕನೆಯ ಸಲ ಎದ್ದು ನಿಂತ ಹುಡುಗಿಯು ಗಂಟೆಗೆ 20 ಮೈಲಿಯ ವೇಗದಲ್ಲಿ ನಮ್ಮ ಹಿಂದೆ ಬರುತ್ತಿದ್ದಳು. ನಾನು ಅವಳನ್ನೂ ನೋಡಿದೆನು, ಬಲಗಡೆಯ ಮುಂಗಾಲನ್ನೂ ನೋಡಿದೆನು. ದಡ ಸೇರಿದ ಬಳಿಕ ನಟ್ಟುಗಳನ್ನೆಲ್ಲ ಪುನಃ ಪರೀಕ್ಷಿಸಿದಾಗ ಎರಡು ಮಾತ್ರ ಸ್ವಲ್ಪ ಬಿಗಿ ಕೇಳಿದುವು. ಗಾಳಿ ತುಂಬಿದ ತೇಲುಗಾಲಿಯನ್ನೂ ಗೋಪುರಕ್ಕೇ ಕಟ್ಟೋಣವೆಂದು ಅವಳು ಕೇಳಿದಳು. ಅದಕ್ಕೆ ತಂದೆಯೇ ಒಪ್ಪಲಿಲ್ಲ; ಅದು ನೀರಿನೊಳಕ್ಕೆ ಮುಳುಗಿದರೆ ಬೀಳುವ ಜಗ್ಗು ಬಹಳ ದೊಡ್ಡದೆಂದೂ, ಅದನ್ನು ಹಿಂಬದಿಯ ಕೆಳಬಳೆಗೇ ಕಟ್ಟತಕ್ಕುದೆಂದೂ ತಿಳಿಸಿದರು.

2023ರಲ್ಲಿ ಬರದಿಂದ ಆ ಜಲಾಶಯವು ತಗ್ಗಿ, ದೋಣಿಗಳನ್ನು ಇಳಿಸುವ ದಾರಿಗಳಲ್ಲಿ ಹೆಚ್ಚಿನವು ಮುಚ್ಚಿಹೋದುವು. ದೋಣಿಯು ಅಂಗಳದಲ್ಲಿಯೇ ನಿಂತಿತು. ಸುಮ್ಮನೆ ನಿಂತ ಕಾಲವನ್ನು ಉಪಯೋಗಿಸಿಕೊಂಡು ಮೊಮ್ಮಗಳು ಗೋಪುರವನ್ನು ತಾನೇ ಬಿಚ್ಚಿ, ಹಳೆಯ ಅಂಟನ್ನು ಕೆರೆದು ಹೊಸದನ್ನು ಬಳಿದಳಂತೆ. ದೂರವಾಣಿಯಲ್ಲಿ ಮಾತನಾಡುವಾಗ ನಾನು ಕೇಳುವುದಕ್ಕೆ ಮೊದಲೇ ಹೇಳಿದಳು: "ಅಜ್ಜಿ, ನಾಲ್ಕು ಕಡೆಯೂ ಮರ ಒಣಗಿಯೇ ಇದೆ."