ಹಾಸಿಗೆಯ ಅಳತೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಹಿರಿಯರ ಮಾತನ್ನು ನಾವು ಕಷ್ಟದಲ್ಲಿರುವವರಿಗೆ ಬಹು ಸುಲಭವಾಗಿ ಹೇಳಿಬಿಡುತ್ತೇವೆ. ಹಾಸಿಗೆಯೇ ಮೈಗಿಂತ ಗಿಡ್ಡವಾಗಿದ್ದರೆ ಗತಿಯೇನೆಂದು ಯಾರೂ ಹೇಳುವುದಿಲ್ಲ.

ನಾನು ವಾಣಿಜ್ಯಶಾಸ್ತ್ರ ಓದಿದವನೆಂದು ಪರಿಚಿತರು ಮನೆಯ ಲೆಕ್ಕವನ್ನೂ ಒಮ್ಮೊಮ್ಮೆ ನನ್ನ ಮುಂದಿಡುವುದುಂಟು. ಹುಬ್ಬಳ್ಳಿಯ ಜವಳಿ ಅಂಗಡಿಯೊಂದರಲ್ಲಿ ದುಡಿಯುವ ಯುವಕನೊಬ್ಬ ಕಳೆದ ವರ್ಷ ತನ್ನ ಲೆಕ್ಕದ ಪುಸ್ತಕವನ್ನು ತಂದಿದ್ದನು. ಸಂಬಳ 15,000 ರೂಪಾಯಿ. ಬಾಡಿಗೆ 5,000, ದಿನಸಿ, ಹಾಲು, ತರಕಾರಿ, ಗ್ಯಾಸಿಗೆ 8,000, ವಿದ್ಯುತ್ತು, ಬಸ್ಸು, ಮೊಬೈಲಿಗೆ 1,200, ತಾಯಿಯ ಮಾತ್ರೆಗಳಿಗೆ 800. ಉಳಿಕೆ ಸೊನ್ನೆ. ಹೆಂಡತಿ ಸೀರೆಗಳಿಗೆ ಫಾಲ್ ಹಚ್ಚಿ ನಾಲ್ಕು ಕಾಸು ಗಳಿಸುವುದು ಮದುವೆಯ ದಿನಗಳಲ್ಲಿ ಮಾತ್ರ. ಇಬ್ಬರು ಮಕ್ಕಳ ಶಾಲಾ ಶುಲ್ಕಕ್ಕಾಗಿ ಜೂನ್ ತಿಂಗಳಲ್ಲಿ ಆಕೆಯ ಬಳೆಗಳು ಗಿರವಿಗೆ ಹೋಗಿದ್ದವು. “ಎಲ್ಲಿ ಕಡಿಮಿ ಮಾಡ್ಲಿ, ನೀವ ಹೇಳ್ರಿ ಕಾಕಾ” ಎಂದನು. ಸಾಲುಸಾಲಾಗಿ ನೋಡಿದೆ; ಹೊಡೆದುಹಾಕಬಹುದಾದ ಒಂದು ಬಾಬತ್ತೂ ಸಿಗಲಿಲ್ಲ.

ಕುಟುಂಬವೊಂದಕ್ಕೆ ಏನೇನು ಬೇಕೆಂಬುದನ್ನು ನಮ್ಮ ದೇಶ ಎಂದೋ ಅಳೆದಿದೆ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು, ದೀಪ ಇವುಗಳನ್ನು ಕನಿಷ್ಠ ವೇತನದ ಲೆಕ್ಕಕ್ಕೆ ತಂದಿತು. ಮಕ್ಕಳ ಶಿಕ್ಷಣ, ವೈದ್ಯಕೀಯ, ಹಬ್ಬಹರಿದಿನ, ಮುಪ್ಪು, ಮದುವೆಗಳಿಗೂ ಆ ವೇತನದ ಶೇಕಡಾ 25 ಭಾಗ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸೇರಿಸಿತು. ತಾಯಿಯ ಮಾತ್ರೆಗಳನ್ನು ಬಿಟ್ಟರೆ, ಆ ಪುಸ್ತಕದಲ್ಲಿ ಕಾಣದೆ ಹೋದದ್ದು ಈ ಕಾಲುಭಾಗವೇ.

ಪರಿಗ್ರಹಪರಿಮಾಣ ವ್ರತವು ಉಳ್ಳವನು ತನ್ನ ಸಂಗ್ರಹಕ್ಕೆ ತಾನೇ ಹಾಕಿಕೊಳ್ಳುವ ಎಲ್ಲೆ. ಇಲ್ಲದವನಿಗೆ ನಾವು ಮಾಡುವ ಉಪದೇಶವಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಅನ್ನಪಾನನಿರೋಧವನ್ನೂ ಎಣಿಸಿದೆ. ನಮ್ಮನ್ನು ನಂಬಿ ದುಡಿಯುವವನ ತಟ್ಟೆಗೂ ಅದು ಅನ್ವಯಿಸುತ್ತದೆಂಬುದು ನನ್ನ ತಿಳಿವಳಿಕೆ. ವೇತನದಲ್ಲಿ ಹಿಡಿದಿಟ್ಟುಕೊಂಡದ್ದನ್ನೇ ಪರ್ವದಿನಗಳಲ್ಲಿ ದಾನವೆಂದು ಬರೆಸಿದರೆ, ಯಾವ ಕೀರ್ದಿಯಲ್ಲಿಯೂ ಜಮಾಖರ್ಚು ತಾಳೆಯಾಗದು.

ವ್ಯಾಪಾರಿ ಬಂಧುಗಳು ಸಂಬಳ ಗೊತ್ತುಮಾಡುವ ಮುನ್ನ ನಾಲ್ವರಿರುವ ಮನೆಯೊಂದರ ತಿಂಗಳ ಖರ್ಚನ್ನು ತಮ್ಮ ಕೈಯಾರೆ ಬರೆದು ನೋಡಬೇಕು. ಬಸದಿಗಳ ಟ್ರಸ್ಟುಗಳು ಮೇ ತಿಂಗಳಲ್ಲಿಯೇ ಅಂತಹ ಮನೆಗಳನ್ನು ವಿಚಾರಿಸಿ, ಹೆಸರು ಸಾರದೆ, ಶುಲ್ಕವನ್ನು ನೇರವಾಗಿ ಶಾಲೆಗೆ ಕಟ್ಟಬಹುದು. ಕೈಚಾಚಲು ನಾಚುವವರು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ನೆರವೇ ಅವರ ಬಾಗಿಲಿಗೆ ಹೋಗಬೇಕು.