ಮೋಡೆಮ್ ಎಂಬ ಹಳೆಯ ಹೆಸರು, ಹಳೆಯ ಪೆಟ್ಟಿಗೆ

ಕೆಲವು ತಿಂಗಳ ಹಿಂದೆ ನಮ್ಮ ಮನೆಯ ಅಂತರಜಾಲ ಸಂಪರ್ಕವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಬದಲಾಯಿಸಿದೆವು. ಹೊಸ ಸಂಸ್ಥೆಯ ತರುಣ ತನ್ನ ಪೆಟ್ಟಿಗೆಯನ್ನು ಮುಂಬಾಗಿಲ ಪಕ್ಕದ ಗೋಡೆಗೆ ಕೂರಿಸಿ, "ಹಳೆಯ ಮೋಡೆಮ್‌ಗಳನ್ನು ಗುಜರಿಗೆ ಹಾಕಿಬಿಡಿ ಸರ್, ಇನ್ನು ಯಾವುದಕ್ಕೂ ಬರುವುದಿಲ್ಲ" ಎಂದ. ಅಂಥವು ನಮ್ಮಲ್ಲಿ ಎರಡಿದ್ದವು: ದೂರವಾಣಿಯ ತಾಮ್ರದ ತಂತಿಯ ಕಾಲದಲ್ಲಿ ನಾನೇ ಹಣ ಕೊಟ್ಟು ಕೊಂಡದ್ದು ಒಂದು, ಹಿಂದಿನ ಸಂಸ್ಥೆಯ ಫೈಬರ್ ಪೆಟ್ಟಿಗೆ ಮತ್ತೊಂದು.

ಹೊಸ ಪೆಟ್ಟಿಗೆಯ ವೈಫೈ ಮಹಡಿಯ ಓದುಕೋಣೆಯನ್ನು ಸರಿಯಾಗಿ ಮುಟ್ಟಲಿಲ್ಲ. ಅಲ್ಲಿಂದಲೇ ನಾನು ದೂರದ ಊರಿನ ಸಂಶೋಧನ ವಿದ್ಯಾರ್ಥಿನಿಯೊಬ್ಬಳ ಪ್ರಬಂಧವನ್ನು ತಿದ್ದಿಕೊಡುತ್ತಿದ್ದೆ. ತಾಳೆಗರಿಯ ಚಿತ್ರವನ್ನು ಹಿಗ್ಗಿಸಿ ಒಂದಕ್ಷರವನ್ನು ತೋರಿಸುತ್ತಿರುವಾಗಲೇ ಸಂಪರ್ಕ ಕಡಿಯಿತು. ಪ್ರಬಂಧ ಸಲ್ಲಿಸಲು ಆಕೆಗೆ ಉಳಿದಿದ್ದುದು 11 ದಿನ. ಗ್ರಂಥಗಳೆಲ್ಲ ಮಹಡಿಯಲ್ಲಿ, ಅವನ್ನು ಹೊತ್ತು ಮೆಟ್ಟಿಲಿಳಿಯುವ ವಯಸ್ಸು ನನ್ನದಲ್ಲ.

ಆಗ ಆ ಎರಡು ಪೆಟ್ಟಿಗೆಗಳ ವಿಚಾರಕ್ಕೆ ತೊಡಗಿದೆ. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬೆರಡು ಶಬ್ದಗಳ ಆದಿಭಾಗ ಸೇರಿ 'ಮೋಡೆಮ್' ಆಯಿತು. ಗಣಕದ ಸಂಕೇತವನ್ನು ತಂತಿಯ ಅಲೆಗೆ ಏರಿಸುವುದು, ಅಲೆಯಿಂದ ಮತ್ತೆ ಇಳಿಸಿಕೊಳ್ಳುವುದು ಅದರ ಕೆಲಸ. ಫೈಬರಿನ ತುದಿಯ ಸಾಧನಕ್ಕೆ ಓಎನ್‌ಟಿ ಎಂಬ ಬೇರೆ ಹೆಸರಿದ್ದರೂ ಜನರ ಬಾಯಲ್ಲಿ ಅದೂ ಮೋಡೆಮೇ. ತಾಳೆಗರಿ ಹೋಗಿ ಕಾಗದ ಬಂದ ಮೇಲೂ ಪತ್ರಕ್ಕೆ 'ಓಲೆ' ಎಂಬ ಹೆಸರು ಉಳಿಯಿತಷ್ಟೆ!

ಈ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಎರಡು ಕಸುಬುಗಳಿರುತ್ತವೆ. ಹೊರಗಿನ ತಂತಿಯೊಡನೆ ವ್ಯವಹರಿಸುವುದು ಒಂದು. ಬಂದ ಸಂಪರ್ಕವನ್ನು ಮನೆಯೊಳಗೆ ಹಂಚುವುದು ಇನ್ನೊಂದು. ಸಂಸ್ಥೆ ಬದಲಾದಾಗ ತೊಡಕಾಗುವುದು ಮೊದಲನೆಯದಕ್ಕೆ. ತಾಮ್ರದ ಪೆಟ್ಟಿಗೆ ಫೈಬರನ್ನು ಅರಿಯದು. ಫೈಬರಿನಲ್ಲೂ ಜಿಪಾನ್, ಇಪಾನ್ ಎಂಬ ಎರಡು ಪದ್ಧತಿಗಳುಂಟು. ಒಂದೇ ಗರಿಯ ಮೇಲೆ ಕನ್ನಡ ಲಿಪಿಯನ್ನೂ ತಿಗಳಾರಿ ಲಿಪಿಯನ್ನೂ ಬರೆಯಬಹುದಾದರೂ ಒಂದನ್ನು ಬಲ್ಲವನು ಇನ್ನೊಂದನ್ನು ಓದಲಾರ. ಪದ್ಧತಿ ಒಂದೇ ಆದರೂ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಹೊಸ ಸಂಸ್ಥೆ ತನ್ನಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ.

ಎರಡನೆಯ ಕಸುಬಿಗೆ ಈ ನಿರ್ಬಂಧವಿಲ್ಲ. ತಾಮ್ರದ ಕಾಲದ ಪೆಟ್ಟಿಗೆಯ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಹೊಸದರ ವಿಳಾಸ 192.168.1.1 ಆಗಿದ್ದುದರಿಂದ ಎರಡೂ ಒಂದೇ ಆಗಬಾರದಿತ್ತು. ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಹಳೆಯದರಲ್ಲಿ ನಿಲ್ಲಿಸಿ, ಗುಪ್ತಪದಗಳನ್ನು ಹೊಸದಾಗಿಸಿದೆ. ದೂರವಾಣಿಯ ತೂತನ್ನು ಖಾಲಿ ಬಿಟ್ಟು, ಎರಡರ ಲ್ಯಾನ್ ತೂತುಗಳ ನಡುವೆ ಮೆಟ್ಟಿಲಗುಂಟ ಕೇಬಲ್ ಎಳೆಸಿದೆ. ಮಹಡಿಗೆ ವೈಫೈ ಬಂತು. ಅದರ ವೇಗ ಹೊಸದರಷ್ಟಿಲ್ಲ. ತಾಳೆಗರಿ ಓದಲು ಸಾಕು.

ಫೈಬರ್ ಪೆಟ್ಟಿಗೆ ನನ್ನದಲ್ಲ, ಹಿಂದಿನ ಸಂಸ್ಥೆಯ ಸ್ವತ್ತು. ಅದರೊಳಗಿನ ನನ್ನ ವಿವರಗಳನ್ನು ಅಳಿಸಿ ಹಿಂದಿರುಗಿಸಿದೆ.

ಮರುದಿನ ಸಂಜೆ ಅದೇ ಗರಿಯನ್ನು ಮತ್ತೆ ತೆರೆದೆವು. ನಾನು ಇಷ್ಟು ದಿನ 'ಮ' ಎಂದು ಓದಿದ್ದುದು 'ವ' ಎಂದು ವಿದ್ಯಾರ್ಥಿನಿಯೇ ತೋರಿಸಿಕೊಟ್ಟಳು. ಸಂಪರ್ಕ ಕಡಿದ ದಿನ ಅವಳು ಹೇಳಹೊರಟಿದ್ದುದು ಅದನ್ನೇ ಅಂತೆ.